ಇಂಜೆಕ್ಷನ್ ಬೇಡ, ಆಪರೇಷನ್ನೇ ಮಾಡಿ ಎಂದೆ

ಬೆನ್ನುನೋವು ಅಂತ ಬಳ್ಳಾರಿಯಲ್ಲೇ ತೋರಿಸಿದ್ದೆ. ರಾತ್ರಿ ಮೂತ್ರಕ್ಕೆ ಏಳೋದು ಜಾಸ್ತಿ ಆಗಿದೆ ಎಂದ ಕೂಡಲೇ ಡಾಕ್ಟರು ಪಿಎಸ್‌ಎ ಟೆಸ್ಟ್ ಬರೆದರು, ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಹುಡುಕುವ ರಕ್ತಪರೀಕ್ಷೆ ಅದು. 4ರ ಆಸುಪಾಸು ಇರಬೇಕಾದದ್ದು 140 ಬಂತು. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು, ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಸ್ಕೋರ್ 9. ಅದು ಹೋಗೋದೇ 10ರ ತನಕ. ಬೋನ್ ಸ್ಕ್ಯಾನಿನಲ್ಲಿ ಸೊಂಟ, ಬೆನ್ನುಮೂಳೆ ಎರಡರಲ್ಲೂ ಕಲೆಗಳಿದ್ದವು.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆವು. ಮೂಳೆಗೆ ಹಬ್ಬಿದೆ, ಪೂರ್ತಿ ಗುಣ ಕಷ್ಟ, ಆದರೆ ಹಿಡಿದಿಡಬಹುದು ಎಂದರು. ಟೆಸ್ಟೋಸ್ಟೆರಾನ್ ಹಾರ್ಮೋನೇ ಈ ಕ್ಯಾನ್ಸರಿಗೆ ಊಟ. ಅದನ್ನು ನಿಲ್ಲಿಸಿದರೆ ಗಡ್ಡೆ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ಡಾಕ್ಟರು 1941ರಲ್ಲೇ ತೋರಿಸಿದ್ದರು, 1966ರಲ್ಲಿ ನೊಬೆಲ್ ಕೂಡ ಬಂತು.

ನಿಲ್ಲಿಸೋಕೆ ಎರಡು ದಾರಿ. ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್, ಜೀವನಪೂರ್ತಿ. ಇಲ್ಲವೇ ಒಂದೇ ಸಲ ಚಿಕ್ಕ ಆಪರೇಷನ್ ಮಾಡಿ ವೃಷಣಗಳನ್ನು ತೆಗೆಯೋದು. ನಮ್ಮ ಕಡೆ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇಂಜೆಕ್ಷನ್‌ನಿಂದಲೂ ಆಸೆ ಹೋಗುತ್ತದೆ, ಮೈ ಸಡಿಲಾಗುತ್ತದೆ. ಈ ವಿಷಯದಲ್ಲಿ ಎರಡೂ ಒಂದೇ. ಇಂಜೆಕ್ಷನ್ ನಿಲ್ಲಿಸಿದರೆ ಹಾರ್ಮೋನ್ ವಾಪಸ್ ಬರಬಹುದು, ಆಪರೇಷನ್ ಆದಮೇಲೆ ಬರಲ್ಲ. ಅದೊಂದನ್ನು ಚೆನ್ನಾಗಿ ಯೋಚಿಸಬೇಕು. ಹೆಂಡತಿಯನ್ನು ಕೇಳಿದೆ. "ನೀವು ಇದ್ರೆ ಸಾಕ್ರೀ, ಅದೇನು ತಗೊಂಡು ಮಾಡೋದೈತಿ?" ಎಂದಳು. ಆಪರೇಷನ್ನಿಗೆ ಸಹಿ ಹಾಕಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದಲೂ ಸ್ವಲ್ಪ ಹಾರ್ಮೋನ್ ಬರುತ್ತದೆ, ಗಡ್ಡೆ ತಾನೇ ಸಹ ತಯಾರಿಸುತ್ತದೆ. ಅದನ್ನು ತಡೆಯೋದು ಅಬಿರಾಟೆರಾನ್ ಮಾತ್ರೆ. ಇದನ್ನು ಮೊದಲಿನಿಂದಲೇ ಸೇರಿಸಿದರೆ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ ಎಂದು 2017ರಲ್ಲಿ ಲ್ಯಾಟಿಟ್ಯೂಡ್, ಸ್ಟ್ಯಾಂಪೀಡ್ ಎಂಬ ದೊಡ್ಡ ಅಧ್ಯಯನಗಳು ತೋರಿಸಿವೆ. ಈಗ ಜನರಿಕ್ ಸಿಗುತ್ತದೆ. ಡಾಕ್ಟರನ್ನು ಕೇಳಿಯೇ ತಗೊಂಡೆ, ಖರ್ಚು ಎಷ್ಟೋ ಹಗುರಾಯಿತು.

ಬೆಳಗಿನ ಜಾವ ಐದಕ್ಕೆ ಎದ್ದು 250 ಮಿಲಿಗ್ರಾಮಿನ ನಾಲ್ಕು ಮಾತ್ರೆ ಬರೀ ನೀರಲ್ಲಿ ನುಂಗುತ್ತೇನೆ. ಆಮೇಲೆ ಒಂದು ಗಂಟೆ ಚಹಾನೂ ಇಲ್ಲ. ಹೊಟ್ಟೆಯಲ್ಲಿ ಊಟ ಇದ್ದರೆ ಈ ಔಷಧಿ ರಕ್ತಕ್ಕೆ ಎಷ್ಟೋ ಪಟ್ಟು ಜಾಸ್ತಿ ಸೇರುತ್ತದೆ, ಅಪಾಯ. ಆರು ದಾಟಿದ ಮೇಲೆ ಬಿಸಿ ರೊಟ್ಟಿ, ಅದರ ಜೊತೆ 5 ಮಿಲಿಗ್ರಾಮ್ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ. ಇದನ್ನು ಬಿಟ್ಟರೆ ಬಿಪಿ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ಹಾಗಾಗಿ ಬಿಪಿ ಮನೆಯಲ್ಲೇ ನೋಡಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಪೊಟ್ಯಾಸಿಯಂ, ಲಿವರ್ ಟೆಸ್ಟ್ ಊರಲ್ಲೇ ಮಾಡಿಸುತ್ತೇನೆ.

ಕಷ್ಟ ಅಂದರೆ ಮೈಯೊಳಗಿನ ಬಿಸಿ. ಬಳ್ಳಾರಿ ಬಿಸಿಲು ಗೊತ್ತಲ್ವಾ? ಅದರ ಮೇಲೆ ಎದೆಯಿಂದ ಝಳ ಎದ್ದು ಮುಖಕ್ಕೆ ಬರುತ್ತದೆ, ಅಂಗಿ ಪೂರ್ತಿ ಒದ್ದೆ. ಹತ್ತಿ ಬಟ್ಟೆ, ತಲೆದಿಂಬಿನ ಹತ್ತಿರ ಒದ್ದೆ ಟವೆಲ್, ಖಾರದ ಮಿರ್ಚಿ ಬಂದ್. ಹಾರ್ಮೋನ್ ಇಲ್ಲದೆ ಮೂಳೆ ಸವೆಯುತ್ತದೆ. ಅದಕ್ಕೆ ಕ್ಯಾಲ್ಸಿಯಂ, ವಿಟಮಿನ್ ಡಿ, ದಿನಾ ಕೋಟೆಯ ಕಡೆ ನಡಿಗೆ.

ಪಿಎಸ್‌ಎ ಈಗ 0.1. ಬೆನ್ನುನೋವು ಹೋಗಿದೆ. ಮುಂದೊಮ್ಮೆ ಈ ಮಾತ್ರೆಯನ್ನೂ ಕ್ಯಾನ್ಸರ್ ಮೀರಬಹುದು, ಆಗ ಡೋಸಿಟ್ಯಾಕ್ಸೆಲ್ ಕೀಮೋ ಇದೆ, ಲುಟೇಶಿಯಂ ಎಂಬ ವಿಕಿರಣ ಔಷಧಿ ಇದೆ ಎಂದಿದ್ದಾರೆ. ಮೂರು ತಿಂಗಳಿಗೊಮ್ಮೆ ರಿಪೋರ್ಟ್ ನೋಡಿಯೇ ಮುಂದಿನ ಮಾತು.

ಅಣ್ಣನಿಗೆ ಬಂದರೆ ತಮ್ಮನಿಗೂ ಅಪಾಯ ಜಾಸ್ತಿ. ತಮ್ಮ ಬರಲ್ಲ ಅಂತ ಹಟ ಮಾಡಿದ. ಕೈಹಿಡಿದು ಲ್ಯಾಬಿಗೆ ಕರೆದುಕೊಂಡು ಹೋದೆ. ನಾರ್ಮಲ್ ಬಂತು. ಮತ್ತೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಬಂದಿದ್ದೇನೆ.