ಚಿಕ್ಕ ಮಕ್ಕಳ ಬ್ರಷ್ ಮೇಲೆ ಎಷ್ಟು ಪೇಸ್ಟ್?

ಮನೆಯಲ್ಲಿ 6 ವರ್ಷದೊಳಗಿನ ಮಕ್ಕಳಿರುವವರು ದಯವಿಟ್ಟು ಓದಿ. ಜಾಹೀರಾತಿನಲ್ಲಿ ಬ್ರಷ್ ತುಂಬಾ ಪೇಸ್ಟ್ ಹಾಕಿ ತೋರಿಸುತ್ತಾರಲ್ವಾ, ಅಷ್ಟು ಮಕ್ಕಳಿಗೆ ಬೇಡವೇ ಬೇಡ. 3 ವರ್ಷದೊಳಗಿನವರಿಗೆ ಒಂದು ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು ಸಾಕು. ಪೇಸ್ಟನ್ನು ದೊಡ್ಡವರೇ ಹಾಕಿ, ದೊಡ್ಡವರೇ ಉಜ್ಜಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ.

ಇಷ್ಟು ಕಡಿಮೆ ಸಾಕು ಅನ್ನಲು ಕಾರಣ ಪೇಸ್ಟಿನಲ್ಲಿರುವ ಫ್ಲೋರೈಡ್ ಎಂಬ ಖನಿಜಾಂಶ. ಹಾಗಂತ ಹೆದರಿ ಫ್ಲೋರೈಡ್ ಇಲ್ಲದ ಪೇಸ್ಟ್ ತರಬೇಡಿ. ಹುಳುಕು ತಡೆಯುವುದೇ ಫ್ಲೋರೈಡ್. ಸಮಸ್ಯೆ ಇರುವುದು ನುಂಗುವುದರಲ್ಲಿ. ಸಿಹಿ ರುಚಿಗೆ ಮಕ್ಕಳು ದಿನಾ ನುಂಗುತ್ತಿದ್ದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಕಲೆ ಬರಬಹುದು. ಅದು ತೊಳೆದರೆ ಹೋಗುವ ಕಲೆ ಅಲ್ಲ.

ನಮ್ಮ ಕಡೂರು, ಅರಸೀಕೆರೆ ಕಡೆಯವರು ಇನ್ನೂ ಸ್ವಲ್ಪ ಗಮನ ಕೊಡಬೇಕು. ಇಲ್ಲಿ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಬೇಡ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆರ್‌ಒ ಫಿಲ್ಟರ್ ಬಹುಪಾಲು ತೆಗೆಯುತ್ತದೆ. ಬೋರ್ ನೀರು ಕುಡಿಯುವ ಮನೆಯವರು ಒಮ್ಮೆ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿಯೇ ಪೇಸ್ಟ್ ಬಗ್ಗೆ ಕೇಳಿ.

ಟ್ಯೂಬನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ, ಇದು ನನ್ನ ಕಳಕಳಿಯ ಮನವಿ. ಬ್ರಷ್ ಮೇಲಿನ ಚೂರು ನುಂಗಿದರೆ ಗಾಬರಿ ಬೇಡ. ಟ್ಯೂಬಿನಿಂದಲೇ ಜಾಸ್ತಿ ತಿಂದುಬಿಟ್ಟರೆ ಹೊಟ್ಟೆನೋವು, ವಾಂತಿ ಆಗಬಹುದು. ಆಗ ಸ್ವಲ್ಪ ಹಾಲು ಕುಡಿಸಿ, ಟ್ಯೂಬನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೊರಡಿ.