ಉದ್ರಿ ಪುಸ್ತಕ ಇಟ್ಟವನು ಸಾಮ್ಯ ಹೇಳಿದರೆ

ಸಾಮ್ಯ ಎಂದರೆ ಯೇಸು ಸ್ವಾಮಿ ಹೇಳಿದ ದೃಷ್ಟಾಂತ ಕಥೆ. ಬಿತ್ತುವವನ ಸಾಮ್ಯ ಇದೆಯಲ್ಲ, ಬೈಬಲಿನ ಮತ್ತಾಯ ಸುವಾರ್ತೆ 13ನೇ ಅಧ್ಯಾಯದ್ದು, ಅದು ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಕೆಲವು ಬೀಜ ದಾರಿ ಮಗ್ಗುಲಲ್ಲಿ ಬಿತ್ತು, ಕೆಲವು ಬಂಡೆ ನೆಲದಲ್ಲಿ, ಕೆಲವು ಮುಳ್ಳುಗಿಡದಲ್ಲಿ, ಉಳಿದದ್ದು ಒಳ್ಳೆಯ ಭೂಮಿಯಲ್ಲಿ. ಪಟ್ಟಣದ ಸಭೆಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ವಿಜಯಪುರದ ಸುತ್ತಮುತ್ತ ಯಾವುದಾದರೂ ಹಳ್ಳಿಯ ಮನೆ ಪ್ರಾರ್ಥನೆ ಕೂಟದಲ್ಲಿ ಹೇಳಿ ನೋಡಿ. ಹಿಂದಿನಿಂದ ಯಾರಾದರೂ ಕೇಳಿಯೇ ಕೇಳುತ್ತಾರೆ: “ಯಾವ ಹುಚ್ಚ ದಾರಿ ಮ್ಯಾಲ ಬೀಜ ಚೆಲ್ತಾನ್ರಿ ಅಣ್ಣಾರ?”

ಪ್ರಶ್ನೆ ಸರಿಯಾಗೇ ಇದೆ. ನಮ್ಮಲ್ಲಿ ಜೋಳ ಬಿತ್ತುವುದು ಕೂರಿಗೆಯಿಂದ. ಬಟ್ಟಲಿಗೆ ಹಿಡಿ ಹಿಡಿಯಾಗಿ ಬೀಜ ಬಿಡುತ್ತಾ ಹೋಗುತ್ತಾರೆ, ಅದು ಸೀದಾ ಸಾಲಿಗೇ ಇಳಿಯುತ್ತದೆ. ಈಗ ಟ್ರ್ಯಾಕ್ಟರ್ ಕೂರಿಗೆ ಬಂದಿದೆ, ಆದರೂ ಕೆಲಸ ಅದೇ. ಒಂದು ಕಾಳು ದಾರಿಗೆ ಬಿದ್ದರೆ ಬಿತ್ತುವವನಿಗೇ ಬೈಗುಳ. ಯೇಸು ಸ್ವಾಮಿಯ ಕಾಲದಲ್ಲಿ, ಆ ಊರುಗಳಲ್ಲಿ, ಬುಟ್ಟಿಯಿಂದ ಹಿಡಿ ತುಂಬಿಕೊಂಡು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಕೈಯಿಂದ ಚೆಲ್ಲುವಾಗ ಸ್ವಲ್ಪ ದಾರಿಗೂ ಬೀಳುತ್ತದೆ, ಬದುವಿಗೂ ಬೀಳುತ್ತದೆ.

ಇನ್ನೊಂದು ತೊಡಕು ಇದೆ. “ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು” ಎಂದು ಓದಿದಾಗ ಜೋಳದ ರೈತ ಮುಖ ಕಿವುಚುತ್ತಾನೆ. ಎಕರೆಗೆ 3 ಕಿಲೋ ಬೀಜ ಹಾಕುತ್ತಾನೆ, ನೂರು ಪಟ್ಟು ಅಂದರೆ 3 ಕ್ವಿಂಟಲ್. ಅದನ್ನು ಯಾರೂ ಒಳ್ಳೆಯ ಪೀಕು ಅನ್ನುವುದಿಲ್ಲ. ಅದಕ್ಕೇ ನಾನು ಜೋಳ ಬಿಟ್ಟು ಗೋಧಿ ಹಿಡಿಯುತ್ತೇನೆ. ಗೋಧಿಗೆ ಎಕರೆಗೆ 40 ಕಿಲೋ ಬೀಜ ಬೇಕು. ಅದಕ್ಕೆ ನೂರು ಪಟ್ಟು ಎಂದರೆ 40 ಕ್ವಿಂಟಲ್, ಅಷ್ಟು ಪಂಜಾಬಿನ ರೈತನಿಗೂ ಬರುವುದಿಲ್ಲ. ಹೀಗೆ ಹೇಳಿದರೆ ಹಿಂದೆ ಕೂತವರು ಮುಂದೆ ಸರಿದು ಕೂರುತ್ತಾರೆ. ಯೇಸು ಸ್ವಾಮಿ ಹೇಳಿದ್ದು ಸಾಧಾರಣ ಲೆಕ್ಕ ಅಲ್ಲ ಎಂದು ಅವರಿಗೆ ತಾವಾಗಿಯೇ ತಿಳಿಯುತ್ತದೆ.

ಆ ದಾರಿಯ ಪ್ರಶ್ನೆಯನ್ನು ಮಾತ್ರ ನಾನು ಬಗೆಹರಿಸಲು ಹೋಗುವುದಿಲ್ಲ. ಹಾಗೇ ಕೂಟದ ನಡುವೆ ಬಿಡುತ್ತೇನೆ. ಒಮ್ಮೆ ಕೂಲಿ ಕೆಲಸದ ಒಬ್ಬ ಅಕ್ಕ ಹೇಳಿದರು: “ಬೀಜ ತನ್ನ ಮನೀವು ಇದ್ರ ಚೆಲ್ತಾನ್ರಿ. ಉದ್ರಿ ತಂದವ ಚೆಲ್ಲಂಗಿಲ್ಲ.” ನಾನು ಎಷ್ಟು ಪ್ರಸಂಗ (ಸಭೆಯಲ್ಲಿ ಮಾಡುವ ಬೋಧನೆ) ಕೇಳಿದ್ದೇನೋ, ದೇವರ ಧಾರಾಳತನದ ಬಗ್ಗೆ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದು ಕೇಳಿಲ್ಲ.

ನಾನು ಪಾಸ್ಟರ್ ಅಲ್ಲ. ಗೊಬ್ಬರ, ಬೀಜ, ಎಣ್ಣೆ ಮಾರುವ ಅಂಗಡಿ ನನ್ನದು (ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಅಂತಲೇ ಅನ್ನುತ್ತಾರೆ, ಅಡುಗೆ ಎಣ್ಣೆ ಎಂದುಕೊಳ್ಳಬೇಡಿ). ಸಂಜೆ ಹೊತ್ತು ಮನೆ ಕೂಟಗಳಿಗೆ ಹೋಗುತ್ತೇನೆ, ಅಯ್ಯನವರು, ಅಂದರೆ ನಮ್ಮ ಪಾಸ್ಟರ್, ಬೇರೆ ಊರಿಗೆ ಹೋದಾಗ ಭಾನುವಾರವೂ ಮಾತಾಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಗೊತ್ತಾದದ್ದು ಒಂದೇ. ಕೇಳುವವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವ ಕೆಲಸದಿಂದಲೇ ಕಥೆ ತೆಗೆಯಬೇಕು. ಆಗ ಅವರು ತಕರಾರು ತೆಗೆಯುತ್ತಾರೆ. ಆ ತಕರಾರು ಬರುವ ಜಾಗದಲ್ಲೇ ದೇವರ ವಾಕ್ಯ ಒಳಗೆ ಇಳಿಯುತ್ತದೆ.

ಇದನ್ನು ನಾನೇ ಕಂಡುಹಿಡಿದದ್ದು ಅಂತ ಅಲ್ಲ. ಪ್ರವಾದಿ ನಾತಾನ ಮಾಡಿದ್ದೂ ಇದನ್ನೇ. ರಾಜ ದಾವೀದನು ತನ್ನ ಸೈನಿಕ ಉರೀಯನ ಹೆಂಡತಿಯನ್ನು ತೆಗೆದುಕೊಂಡು ಉರೀಯನನ್ನೂ ಕೊಲ್ಲಿಸಿದ ಮೇಲೆ, ನಾತಾನ ಹೋಗಿ ಒಂದು ಹೆಣ್ಣು ಕುರಿಮರಿಯ ಕಥೆ ಹೇಳಿದ. ಬಡವನ ಮನೆಯ ಒಂದೇ ಮರಿ, ಅವನ ತುತ್ತಿನಲ್ಲೇ ಪಾಲು ತಿಂದು ಅವನ ಎದೆಯ ಮೇಲೇ ಮಲಗುವ ಮರಿ, ಅದನ್ನು ಶ್ರೀಮಂತ ತನ್ನ ಮನೆಗೆ ಬಂದವನ ಊಟಕ್ಕೆ ಕೊಯ್ಸಿದ. ದಾವೀದ ರಾಜನಾದರೂ ಬೆಳೆದದ್ದು ಕುರಿ ಕಾಯ್ದು. ಅರಮನೆಯ ಕಥೆ, ಯುದ್ಧದ ಕಥೆ ಹೇಳಿದ್ದರೆ ಅವನು ಏನಾದರೂ ನೆವ ಹುಡುಕುತ್ತಿದ್ದ. ಕುರಿಯ ವಿಷಯದಲ್ಲಿ ನೆವ ಹುಡುಕುವುದು ಅವನ ಕೈಯಲ್ಲಿ ಆಗಲಿಲ್ಲ, ಒಂದಕ್ಕೆ ನಾಲ್ಕು ಕೊಡಲಿ ಎಂದು ತೀರ್ಪು ಕೊಟ್ಟೇಬಿಟ್ಟ.

ಹೇಗೆ ಹೇಳಬೇಕು ಎನ್ನುವುದನ್ನು ನಾನು ಜಾಸ್ತಿ ಕಲಿತದ್ದು, ಹೇಳಿದರೆ ಕೆಲವರಿಗೆ ಸೇರುವುದಿಲ್ಲ, ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳಿಂದ. 2023ರ ಜನವರಿ 2ರಂದು ಅವರು ತೀರಿಕೊಂಡರು. ಬೆಳಿಗ್ಗೆ ಅವರ ಪ್ರವಚನಕ್ಕೆ ಹೋದವರಿಗೆ ಗೊತ್ತು, ಸ್ವರ ಏರಿಸುತ್ತಿರಲಿಲ್ಲ, ಸಣ್ಣ ಸಣ್ಣ ಮಾತು, ನಡುವೆ ಬೇಕಾದಷ್ಟು ಬಿಡುವು. ನಮ್ಮ ಕೆಲವು ಸಭೆಗಳಲ್ಲಿ ಹತ್ತು ಜನರ ಕೂಟಕ್ಕೂ ಮೈಕ್ ಹಚ್ಚಿ ಕೂಗುವುದನ್ನು ನೋಡಿದರೆ ನನಗೆ ಕಸಿವಿಸಿ ಆಗುತ್ತದೆ. ನಂಬಿಕೆ ಬೇರೆ ಇರಬಹುದು. ಕೂತು ಕೇಳುವ ಜನ ಅವರೇ ಅಲ್ವಾ?

ಇನ್ನು ದ್ರಾಕ್ಷಿ. ತಿಕೋಟಾ, ಬಬಲೇಶ್ವರ ಕಡೆಯವರಿಗೆ ಯೋಹಾನ 15ನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. “ನಾನೇ ನಿಜವಾದ ದ್ರಾಕ್ಷಿ ಬಳ್ಳಿ, ನನ್ನ ತಂದೆ ತೋಟಗಾರ.” ಫಲ ಕೊಡುವ ಕೊಂಬೆಯನ್ನೂ ಆತ ಕತ್ತರಿಸುತ್ತಾನೆ, ಇನ್ನೂ ಹೆಚ್ಚು ಫಲ ಕೊಡಲಿ ಎಂದು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಗೆ ಕತ್ತರಿ ಹಾಕುವ ಕೆಲಸ. ಏಪ್ರಿಲ್ ಚಾಟ್ನಿಯಲ್ಲಿ ಹಣ್ಣು ಕೊಟ್ಟ ಕಡ್ಡಿಯನ್ನೇ ಬುಡಕ್ಕೆ ಕತ್ತರಿಸಿ ಮೋಟು ಮಾಡುತ್ತಾರೆ, ಬಿಸಿಲಲ್ಲಿ ತೋಟ ಬೋಳಾಗಿ ನಿಲ್ಲುತ್ತದೆ. ಹೊಸ ಕಡ್ಡಿ ಬೆಳೆದ ಮೇಲೆ ಅಕ್ಟೋಬರ್ ಚಾಟ್ನಿ, ಅದು ಹಣ್ಣಿಗೆ. ಕತ್ತರಿ ಹಾಕಿದ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಕಣ್ಣುಗಳು (ಚಿಗುರೊಡೆಯುವ ಮೊಗ್ಗು) ಒಂದೇ ಸಮ ಒಡೆಯಲಿ ಎಂದು ಅದಕ್ಕೆ ಔಷಧಿ ಹಚ್ಚುತ್ತಾರೆ, ಆ ಡಬ್ಬಿ ಮಾರುವವನು ನಾನೇ. ಎಷ್ಟು ಕಣ್ಣಿಗೆ ಕತ್ತರಿ ಹಾಕಬೇಕು ಎಂದು ಗೊತ್ತಿಲ್ಲದವನ ಕೈಗೆ ಕತ್ತರಿ ಕೊಡುವುದಿಲ್ಲ. ಒಂದೊಂದು ಕಡ್ಡಿಯನ್ನೂ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಕತ್ತರಿಸುತ್ತಾರೆ. ತೋಟಗಾರ ಬಳ್ಳಿಗೆ ಅಷ್ಟು ಹತ್ತಿರ ಬರುವುದು ಚಾಟ್ನಿ ಹೊತ್ತಿಗೇ. ಈ ವಿವರ ಕೊಟ್ಟರೆ ಸಾಕು, ನಾನು ಬೇರೆ ಮಾತು ಸೇರಿಸುವುದಿಲ್ಲ.

ಆದರೆ ಈ ಕಥೆಯನ್ನು ಎಲ್ಲಿ ಹೇಳಬಾರದು ಎನ್ನುವುದೂ ಗೊತ್ತಿರಬೇಕು. ಆಲಿಕಲ್ಲು ಮಳೆಗೆ ತೋಟ ಹೋದ ಒಬ್ಬರ ಮನೆಯಲ್ಲಿ, ಹೊರಗಿನಿಂದ ಬಂದ ಒಬ್ಬ ಬೋಧಕರು “ದೇವರು ನಿಮಗೆ ಚಾಟ್ನಿ ಮಾಡುತ್ತಿದ್ದಾನೆ” ಎಂದರು. ಮನೆಯ ಯಜಮಾನರು ಜಗಳ ಮಾಡಲಿಲ್ಲ, ಸುಮ್ನೆ ಹೇಳಿದರು: “ಚಾಟ್ನಿ ಬ್ಯಾರೆ, ಆಲಿಕಲ್ಲು ಬ್ಯಾರೆ ಬ್ರದರ್.” ನನ್ನ ಮಟ್ಟಿಗೆ ಆ ಮಾತು ಯೋಹಾನ 15ಕ್ಕೆ ಒಳ್ಳೆಯ ಟಿಪ್ಪಣಿ. ಸಾವಿನ ಮನೆ, ಸಾಲದ ಮನೆ, ಬೆಳೆ ಹೋದ ಮನೆಗೆ ಹೋದಾಗ ನಾನು ಕಥೆಯನ್ನೇ ಹೇಳುವುದಿಲ್ಲ. ಒಂದು ಕೀರ್ತನೆ ಓದುತ್ತೇನೆ, ಚಹಾ ಕುಡಿದು ಬರುತ್ತೇನೆ.

ಮತ್ತಾಯ 20ರ ಕೂಲಿಯಾಳುಗಳ ಸಾಮ್ಯವೂ ದ್ರಾಕ್ಷಿ ತೋಟದ್ದೇ. ಬೆಳಿಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ದಿನಾರಿ. ದಿನಾರಿ ಎಂದರೆ ಆಗಿನ ಒಂದು ದಿನದ ಕೂಲಿ. ಗಂಡಸರ ನಡುವೆ ಹೇಳಿದರೆ “ಇದು ನ್ಯಾಯ ಅಲ್ಲ” ಎಂಬ ಮಾತು ತಕ್ಷಣ ಬರುತ್ತದೆ, ಬರಲಿ. ಹೆಂಗಸರ ಕೂಟದಲ್ಲಿ ಹೇಳಿದಾಗ ಮಾತು ಬೇರೆ ದಿಕ್ಕಿಗೆ ಹೋಯಿತು. ಹೆಣ್ಣಾಳಿಗೆ ಗಂಡಾಳಿಗಿಂತ ಕಮ್ಮಿ ಕೂಲಿ, ಎಷ್ಟು ದುಡಿದರೂ, ಇದು ಎಲ್ಲರಿಗೂ ಗೊತ್ತಿರುವುದೇ. ಧಣಿ ಎಲ್ಲರಿಗೂ ಸಮ ಕೊಟ್ಟ ಎಂದರೆ ಅವರಿಗೆ ಅದರಲ್ಲಿ ಅನ್ಯಾಯ ಕಾಣಲೇ ಇಲ್ಲ. ಅವರು ಹಿಡಿದದ್ದು ಏಳನೆಯ ವಚನ, ನಾನು ಓದುವಾಗ ದಾಟಿಕೊಂಡು ಹೋಗುತ್ತಿದ್ದ ವಚನ. ಯಾಕೆ ಇಡೀ ದಿನ ಸುಮ್ಮನೆ ನಿಂತಿದ್ದೀರಿ ಎಂದು ಧಣಿ ಕೇಳಿದರೆ ಅವರು, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಂದು, ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ತುಂಬಿ ಹೋದ ಮೇಲೆ ನಾಕಾದಲ್ಲಿ ಉಳಿದುಬಿಡುವವರು ಯಾರು ಎಂದು ಅವರು ಒಬ್ಬೊಬ್ಬರನ್ನೇ ಎಣಿಸತೊಡಗಿದರು. ವಯಸ್ಸಾದವರು, ಬಸುರಿಯರು, ಕಾಲು ಸರಿ ಇಲ್ಲದವರು. ಆ ಸಂಜೆ ನನ್ನ ಪ್ರಸಂಗ ಅಲ್ಲಿಗೇ ನಿಂತಿತು, ಅವರದು ಬಹಳ ಹೊತ್ತು ನಡೆಯಿತು.

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅವನ ಜನರೇ ದಾಟಿ ಹೋದಾಗ ಬೇರೆ ಜನಾಂಗದವನೊಬ್ಬ ಎತ್ತಿ ಉಪಚರಿಸಿದ್ದು ಒಳ್ಳೆಯ ಸಮಾರ್ಯದವನ ಕಥೆ. ಅದಕ್ಕೆ ನಾನು ಸೊಲ್ಲಾಪುರ ಹೆದ್ದಾರಿಯನ್ನು ತರುತ್ತೇನೆ. ಬೈಕ್ ಬಿದ್ದಿದೆ, ಗಾಡಿಗಳು ನಿಲ್ಲದೆ ಹೋಗುತ್ತಿವೆ. ನಿಂತವನು ಯಾರು ಎನ್ನುವಾಗ ಜಾಗ್ರತೆ ಬೇಕು. ಬೇರೆ ಜನಾಂಗದವನನ್ನು, ಬೇರೆ ಧರ್ಮದವನನ್ನು ಕಥೆಯಲ್ಲಿ ತರುವುದಾದರೆ ನಿಂತು ಎತ್ತಿದವನಾಗಿ ತರಬೇಕು, ದಾಟಿ ಹೋದವನಾಗಿ ಅಲ್ಲ. ದಾಟಿ ಹೋದವರು ನಮ್ಮವರೇ ಇರಲಿ, ಲೂಕ 10ರಲ್ಲೂ ಹಾಗೇ ಇದೆ. “ಪೊಲೀಸ್ ಕೇಸ್ ಆಗ್ತದ, ಕೋರ್ಟಿಗೆ ಅಡ್ಡಾಡಬೇಕಾಗ್ತದ” ಎಂಬ ಭಯ ಬಂದೇ ಬರುತ್ತದೆ. ಅದಕ್ಕೆ ಕಾನೂನನ್ನೂ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134-ಎ ಎಂಬ ಕಲಂ ಸೇರಿದೆ, ಗಾಯಗೊಂಡವರನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಒಯ್ದವರಿಗೆ ಅದರಲ್ಲಿ ರಕ್ಷಣೆ ಇದೆ, ಹೆಸರು ಹೇಳು ಎಂದು ಬಲವಂತ ಮಾಡುವಂತಿಲ್ಲ. ಕೂಟದಲ್ಲಿ ಕಾನೂನಿನ ಮಾತು ಯಾಕೆ ಎಂದು ಒಬ್ಬ ಹಿರಿಯರು ಗೊಣಗಿದರು. ನನಗೇನೋ ಅದು ಪ್ರಸಂಗದ ಭಾಗ ಅಂತಲೇ ಅನ್ನಿಸುತ್ತದೆ.

ವಾಟ್ಸ್‌ಆ್ಯಪ್ ಕಥೆಗಳನ್ನು ಮಾತ್ರ ನಾನು ಮುಟ್ಟುವುದಿಲ್ಲ. ಹದ್ದು 40 ವರ್ಷಕ್ಕೆ ಬೆಟ್ಟ ಹತ್ತಿ, ಕೊಕ್ಕನ್ನು ಬಂಡೆಗೆ ಬಡಿದು ಕಿತ್ತುಕೊಂಡು, ಹೊಸ ಕೊಕ್ಕು ಬೆಳೆಸಿಕೊಂಡು ಮತ್ತೆ 30 ವರ್ಷ ಬದುಕುತ್ತದೆ ಅಂತ, ಹದ್ದುಗಳಂತೆ ರೆಕ್ಕೆ ಚಾಚಿ ಏರುವರು ಎನ್ನುವ ಯೆಶಾಯ 40ರ ಜೊತೆ ಸೇರಿಸಿ ಹೇಳುತ್ತಾರೆ. ಸುಳ್ಳು. ಕೊಕ್ಕು ಹೋದ ಹದ್ದು ಹಸಿವಿನಿಂದ ಸಾಯುತ್ತದೆ. ಕೋಳಿ ಸಾಕಿದ ಯಾವ ಹೆಂಗಸಿಗೂ ಇದು ಗೊತ್ತು. ಹದ್ದಿನ ವಿಷಯದಲ್ಲಿ ಸುಳ್ಳು ಹೇಳಿದವನು ಪುನರುತ್ಥಾನದ ವಿಷಯದಲ್ಲಿ ನಿಜ ಹೇಳುತ್ತಾನೆ ಎಂದು ಅವರು ಯಾಕೆ ನಂಬಬೇಕು?

ಕಥೆ ಕೂಡಿಸುವುದು ಅಂಗಡಿಯಲ್ಲೇ. ಬಿಲ್ ಪುಸ್ತಕದ ಹಿಂದೆ ಒಂದೆರಡು ಸಾಲು ಗೀಚಿಕೊಳ್ಳುತ್ತೇನೆ. ಬದುಕಿರುವವರ ಕಥೆಯಾದರೆ ಅವರನ್ನು ಕೇಳಿಯೇ ಹೇಳಬೇಕು, ಹೆಸರು ಬಿಟ್ಟರೂ ಊರಿನವರು ಗುರುತು ಹಿಡಿಯುತ್ತಾರೆ. ಹೋಗುವ ಮುಂಚೆ ಆ ಕಸುಬಿನವರೊಬ್ಬರ ಹತ್ತಿರ ಒಂದು ಮಾತು ಕೇಳಿಕೊಳ್ಳುವುದೂ ಒಳ್ಳೆಯದು. ತೊಂಬತ್ತೊಂಬತ್ತು ಕುರಿ ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿ ಹೋದ ಕುರುಬನ ಸಾಮ್ಯ ಇದೆಯಲ್ಲ, ಆ ಉಳಿದವನ್ನು ಯಾರು ಕಾಯುತ್ತಾರೆ ಎಂದು ಕುರಿಗಾರರೊಬ್ಬರನ್ನು ಕೇಳಿದೆ. “ಅಡವ್ಯಾಗ ನಾವು ಒಬ್ಬರ ಇರಂಗಿಲ್ರಿ, ಉಳದವರು ಕಾಯ್ತಾರ, ಒಬ್ಬ ಹೊಕ್ಕಾನ” ಎಂದರು. ಇಷ್ಟು ದಿನ ನನಗಿದ್ದ ಗೊಂದಲ ನಿಂತ ಕಾಲಲ್ಲೇ ಹೋಯಿತು.

“ಇದರಿಂದ ನಾವು ಕಲಿಯುವ ಪಾಠ ಏನಂದರೆ” ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಯೇಸು ಸ್ವಾಮಿಯೇ ಬಿತ್ತುವವನ ಸಾಮ್ಯ ಬಿಡಿಸಿ ಹೇಳಿದ್ದಾರಲ್ಲ ಎಂದು ಕೇಳಬಹುದು. ಹೌದು, ಆದರೆ ಶಿಷ್ಯರಿಗೆ, ಜನ ಇಲ್ಲದಾಗ, ಅವರು ಕೇಳಿದ್ದಕ್ಕೆ. ಕೂಟ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಯಾರಾದರೂ ಕೇಳಿದರೆ ನಾನೂ ಹೇಳುತ್ತೇನೆ.

ನನಗೆ ಕಷ್ಟ ಕೊಡುವ ಸಾಮ್ಯ ಎಂದರೆ ಮತ್ತಾಯ 18ರದು. ರಾಜನಿಗೆ ಹತ್ತು ಸಾವಿರ ತಲಾಂತು ಕೊಡಬೇಕಿದ್ದ ಆಳು, ರಾಜ ಅಷ್ಟನ್ನೂ ಬಿಟ್ಟುಕೊಟ್ಟ ಮೇಲೆ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನಾರಿಯನ್ನು ಪುಡಿಗಾಸು ಎಂದು ಹೇಳಿ ಮುಗಿಸುವ ಪ್ರಸಂಗಗಳೇ ಜಾಸ್ತಿ. ನಾನು ಬಿಲ್ಲಿನ ಹಿಂದೆ ಎಲ್ಲರೆದುರು ಲೆಕ್ಕ ಹಾಕುತ್ತೇನೆ. ಒಂದು ದಿನದ ಕೂಲಿ 400 ರೂಪಾಯಿ ಎಂದು ಹಿಡಿಯಿರಿ. ನೂರು ದಿನಾರಿ ಎಂದರೆ 40 ಸಾವಿರ. ಒಂದು ತಲಾಂತಿಗೆ ಆರು ಸಾವಿರ ದಿನಾರಿ, ಅಂದರೆ 24 ಲಕ್ಷ. ಹತ್ತು ಸಾವಿರ ತಲಾಂತಿಗೆ 2,400 ಕೋಟಿ. ಆ ಅಂಕಿ ಕೇಳಿ ಎಲ್ಲರೂ ನಗುತ್ತಾರೆ, ಆಳು ಬ್ಯಾಂಕ್ ಮುಳುಗಿಸಿದವನೇನು ಎಂದು. 40 ಸಾವಿರಕ್ಕೆ ಯಾರೂ ನಗುವುದಿಲ್ಲ. ಅಷ್ಟು ಬಾಕಿ ಅಲ್ಲಿ ಕೂತ ಅರ್ಧ ಜನಕ್ಕೆ ಎಲ್ಲೋ ಒಂದು ಕಡೆ ಇರುತ್ತದೆ, ಕೆಲವರದು ನನ್ನ ಪುಸ್ತಕದಲ್ಲೇ. ಅದು ಪುಡಿಗಾಸು ಅಲ್ಲ, ನನಗೂ ಅಲ್ಲ, ಅವರಿಗೂ ಅಲ್ಲ. ಬಿಡಲು ಹೇಳಿರುವುದು ಅದನ್ನೇ.

ಒಂದು ಊರಿನಲ್ಲಿ ಈ ಲೆಕ್ಕ ಮುಗಿಸಿ ಸುಮ್ಮನಾದೆ. ಗೋಡೆಗೆ ಒರಗಿ ಕೂತಿದ್ದ ಒಬ್ಬ ಆಯಿ, ಅವರ ಮಗನ ಖಾತೆ ನನ್ನಲ್ಲೇ ಇದೆ, “ನೀವು ಎಷ್ಟ ಬಿಟ್ಟೀರಿ ತಮ್ಮಾ?” ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಳೆಗೆ ಒಣದ್ರಾಕ್ಷಿ ಕೆಟ್ಟ ವರ್ಷ ಯಾರ ಹತ್ತಿರವೂ ಬಡ್ಡಿ ತೆಗೆದುಕೊಳ್ಳಲಿಲ್ಲ. ಅಸಲು ಬಿಟ್ಟಿಲ್ಲ, ಕಂಪನಿಗೆ ನಾನೂ ಕಟ್ಟಬೇಕು. ಆಯಿ ಸ್ವಲ್ಪ ಯೋಚನೆ ಮಾಡಿದರು.

“ಹಂಗಾದ್ರ ಈ ಸಾಮ್ಯ ನೀವು ಅರ್ಧಾ ಹೇಳ್ರಿ. ಉಳದದ್ದು ಅಯ್ಯನೋರು ಬಂದು ಹೇಳಲಿ.”