ಅಡಿಕೆ ಮಂಡಿಯ ಸಾಫ್ಟ್‌ವೇರ್‌ಗೆ ನಾನು ಹಾಕಿದ ಬೀಗಗಳು

2005ರಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟೆ. ರೈತ ಚೀಲ ಇಳಿಸಿದ ಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಲಾಟ್ ಆಗುತ್ತದೆ. ತೂಕಕ್ಕೆ ದರ ಹಾಕಿ, ಹಮಾಲಿ ಕಳೆದು, ಮೊದಲೇ ಪಡೆದ ಮುಂಗಡ ಮುರಿದು, ಕೊನೆಗೆ ರೈತನ ಕೈಗೆ ಎಷ್ಟು ಅಂತ ಪಟ್ಟಿ ಪ್ರಿಂಟ್ ಆಗಬೇಕು. ವಿಷುವಲ್ ಬೇಸಿಕ್ 6 ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೆ, ಲೆಕ್ಕವೆಲ್ಲ ಒಂದು ಆಕ್ಸೆಸ್ ಫೈಲ್‌ನಲ್ಲಿ ಇರುತ್ತಿತ್ತು. ಆರು ಸಾವಿರ ರೂಪಾಯಿ ತೆಗೆದುಕೊಂಡೆ. ಕಾಪಿ ಮಾಡದಂತೆ ತಡೆಯುವ ಬೀಗ ಗೀಗ ಏನೂ ಹಾಕಿರಲಿಲ್ಲ. ಗೊತ್ತಿರುವವರಿಗೆ ಕೊಟ್ಟಿದ್ದು, ಅಲ್ವಾ?

ನಾಲ್ಕು ತಿಂಗಳಾದ ಮೇಲೆ ಒಂದು ಫೋನ್ ಬಂತು. "ಸರ್, ಪಟ್ಟಿಯಲ್ಲಿ ಹಮಾಲಿ ಎರಡು ಸಲ ಕಟ್ ಆಗ್ತಾ ಇದೆ, ಸ್ವಲ್ಪ ನೋಡ್ತೀರಾ?" ಯಾವ ಮಂಡಿ ಅಂತ ಕೇಳಿದರೆ ಸಾಗರದ್ದು. ಸಾಗರದಲ್ಲಿ ನಾನು ಒಬ್ಬರಿಗೂ ಮಾರಿರಲಿಲ್ಲ. ನನ್ನ ನಂಬರ್ ಎಲ್ಲಿ ಸಿಕ್ಕಿತು ಅಂದೆ. "ಹೆಲ್ಪ್ ಒತ್ತಿದ್ರೆ ನಿಮ್ಮ ಹೆಸರು, ನಂಬರ್ ಎಲ್ಲ ಬರುತ್ತಲ್ಲ ಸರ್!" ಪಾಪ, ಅದು ಕದ್ದ ಮಾಲು ಅನ್ನುವ ಅಂದಾಜೇ ಅವರಿಗೆ ಇರಲಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ "ಎಲ್ಲ ಹಾಕಿ ಕೊಟ್ಟಿದೀನಿ" ಅಂದಿದ್ದನಂತೆ. ವಿಂಡೋಸ್ ಬಂದ ಹಾಗೆ ನನ್ನದೂ ಬಂದಿತ್ತು. ಹಮಾಲಿ ತಪ್ಪು ಮಾತ್ರ ನಿಜ, ನನ್ನದೇ. ಅದನ್ನು ಫೋನಿನಲ್ಲೇ ಸರಿ ಮಾಡಿಸಿ, ಆಮೇಲೆ ಕೂತು ಸಿಟ್ಟು ಮಾಡಿಕೊಂಡೆ.

ಸಿಟ್ಟು ಜಾಸ್ತಿ ಹೊತ್ತು ಉಳಿಯಲಿಲ್ಲ. ಯಾಕೆಂದರೆ ನಾನು ವಿಷುವಲ್ ಬೇಸಿಕ್ ಕಲಿತದ್ದೇ ಫುಟ್‌ಪಾತ್ ಮೇಲೆ ಕೊಂಡ ಕಳ್ಳ ಸಿ.ಡಿ.ಯಿಂದ. 1976ರಲ್ಲಿ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದಿದ್ದರು. ಆಲ್ಟೇರ್ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ನಮ್ಮ ಬೇಸಿಕ್ ಭಾಷೆಯನ್ನು ದುಡ್ಡು ಕೊಟ್ಟು ಕೊಂಡವರು ನೂರಕ್ಕೆ ಹತ್ತು ಜನವೂ ಇಲ್ಲ, ಉಳಿದವರೆಲ್ಲ ಕಾಪಿ ಮಾಡಿಕೊಂಡಿದ್ದಾರೆ ಅಂತ ಅದರಲ್ಲಿ ದೂರು. ಆ ಬೇಸಿಕ್‌ನ ಮೊಮ್ಮಗನನ್ನು ಕದ್ದವನು ನಾನು. ಅಸಲಿ ಲೈಸೆನ್ಸ್ ಕೊಂಡದ್ದು ಎರಡು ಗಿರಾಕಿಗಳ ದುಡ್ಡು ಬಂದ ಮೇಲೆ.

ಮೊದಲ ಬೀಗ ಸೀರಿಯಲ್ ನಂಬರ್. ಅದು ನಿಂತದ್ದು ಒಂದು ವಾರ. ಸಿ.ಡಿ. ಜೊತೆಗೆ ನಂಬರ್ ಬರೆದ ಚೀಟಿಯೂ ಊರೂರು ತಿರುಗಿತು.

ಎರಡನೆಯದಕ್ಕೆ ತಲೆ ಓಡಿಸಿದೆ. ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಅದಕ್ಕೊಂದು ವಾಲ್ಯೂಮ್ ನಂಬರ್ ಕೊಡುತ್ತದೆ. ಗಿರಾಕಿ ಆ ನಂಬರನ್ನು ನನಗೆ ಫೋನಿನಲ್ಲಿ ಹೇಳುವುದು, ಅದಕ್ಕೆ ಸರಿಹೊಂದುವ ಕೀ ನಾನು ಹೇಳುವುದು. ಬೇರೆ ಕಂಪ್ಯೂಟರಿಗೆ ಹಾಕಿದರೆ ನಂಬರ್ ಬೇರೆ, ಓಡುವುದಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆಗ ವಿಂಡೋಸ್ ಎಕ್ಸ್‌ಪಿ ಕಾಲ. ವೈರಸ್ ಕಾಟಕ್ಕೆ ಜನ ವರ್ಷಕ್ಕೊಮ್ಮೆ, ಎರಡು ಸಲ ಫಾರ್ಮ್ಯಾಟ್ ಹೊಡೆಸುತ್ತಿದ್ದರು. ಪ್ರತಿ ಸಲ ನಂಬರ್ ಬದಲು, ಪ್ರತಿ ಸಲ ನನಗೆ ಫೋನು. ರಾತ್ರಿ ಊಟಕ್ಕೆ ಕೂತರೆ ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಕೀ ಪಟ್ಟಿ.

ಕಳ್ಳ ಕಾಪಿಗಳಾದರೂ ನಿಂತವಾ? ಇಲ್ಲ. ಕಂಪ್ಯೂಟರ್ ಜೋಡಿಸುವ ಹುಡುಗರು ಒಂದೊಂದಕ್ಕೂ ಕೂತು ವಿಂಡೋಸ್ ಹಾಕುವುದಿಲ್ಲ. ಒಂದು ಡಿಸ್ಕ್ ತಯಾರು ಮಾಡಿ ಘೋಸ್ಟ್ ಅನ್ನುವ ಡಿಸ್ಕ್ ಕಾಪಿ ಮಾಡುವ ಸಾಫ್ಟ್‌ವೇರ್ ಹಾಕಿ ಉಳಿದವಕ್ಕೆ ಇಡೀ ಡಿಸ್ಕನ್ನೇ ಇಳಿಸುತ್ತಾರೆ. ಹಾಗೆ ಇಳಿಸಿದರೆ ವಾಲ್ಯೂಮ್ ನಂಬರ್ ಕೂಡ ಅಚ್ಚು ಹೊಡೆದ ಹಾಗೆ ಅದೇ ಬರುತ್ತದೆ. ದುಡ್ಡು ಕೊಟ್ಟವನು ಕೀ ಕೇಳಿ ಫೋನ್ ಮಾಡುತ್ತಿದ್ದ, ಘೋಸ್ಟ್ ಕಾಪಿಯವನು ಆರಾಮಾಗಿ ಪಟ್ಟಿ ಹೊಡೆಯುತ್ತಿದ್ದ.

ಮೂರನೆಯ ಬೀಗದ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಒಂದು ವರ್ಷಕ್ಕೆ ಲೈಸೆನ್ಸ್ ಮುಗಿಯುವ ಹಾಗೆ ಮಾಡಿದೆ. ಕಂಪ್ಯೂಟರಿನ ತಾರೀಖು ಹಿಂದಕ್ಕೆ ಇಟ್ಟು ಯಾರಾದರೂ ಮೋಸ ಮಾಡಬಾರದಲ್ಲ, ಅದಕ್ಕೆ ತಾರೀಖು ಹಿಂದೆ ಹೋಗಿರುವುದು ಕಂಡರೆ ಪೂರ್ತಿ ಲಾಕ್. ಜನವರಿ ತಿಂಗಳು, ಸೀಸನ್ನು. ನನ್ನ ಮೊದಲ ಗಿರಾಕಿಯ ಮಂಡಿಯಲ್ಲಿ ಮದರ್‌ಬೋರ್ಡಿನ ತಾರೀಖು ನೆನಪಿಡುವ ಬಟನ್ ಸೆಲ್ ಸತ್ತಿತ್ತು. ರಾತ್ರಿ ಕರೆಂಟು ಹೋಗಿ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಅದಕ್ಕೆ 2002ರ ಜನವರಿ 1. ನನ್ನ ಸಾಫ್ಟ್‌ವೇರ್ ಪಕ್ಕಾ ಪೊಲೀಸಿನ ಹಾಗೆ "ತಾರೀಖು ಬದಲಿಸಲಾಗಿದೆ" ಅಂತ ಬಾಗಿಲು ಹಾಕಿಕೊಂಡಿತು. ನಾನು ಹೋಗಿ ಮುಟ್ಟುವಾಗ ಮಧ್ಯಾಹ್ನ. ಹದಿನೈದು ಇಪ್ಪತ್ತು ರೈತರು ಜಗಲಿಯಲ್ಲಿ ಕೂತಿದ್ದಾರೆ. ಗುಮಾಸ್ತರು ಹಳೆಯ ಪುಸ್ತಕ ತೆಗೆದು ಕೈಯಲ್ಲಿ ಪಟ್ಟಿ ಬರೆಯುತ್ತಿದ್ದಾರೆ. ಸಾಹುಕಾರರು ಬಯ್ಯಲಿಲ್ಲ. "ಪಕ್ಕದ ಮಂಡಿಯಲ್ಲೂ ನಿಂದೇ ಇದೆಯಲ್ಲಯ್ಯಾ, ಅವ್ರದ್ದು ಓಡ್ತಿದೆ" ಅಂದರು, ಅಷ್ಟೇ. ಪಕ್ಕದ ಮಂಡಿಗೆ ನಾನು ಕೊಟ್ಟಿರಲಿಲ್ಲ. ಅವರ ಕಾಪಿಯಲ್ಲಿ ಆ ತಾರೀಖಿನ ತಪಾಸಣೆಯನ್ನು ಯಾರೋ ಕಿತ್ತು ಹಾಕಿದ್ದರು. ಇಪ್ಪತ್ತು ರೂಪಾಯಿಯ ಸೆಲ್ ತಂದು ಹಾಕಿದೆ. ಅವತ್ತು ಸಂಜೆಯೇ ಆ ಕೋಡು ತೆಗೆದೆ.

ಕಿತ್ತು ಹಾಕಿದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಅಷ್ಟು ಹೊತ್ತಿಗೆ ನಾನು ಡಾಂಗಲ್‌ಗೆ ಬಂದಿದ್ದೆ. ಪೆನ್ ಡ್ರೈವ್ ತರಹದ ಸಣ್ಣ ತುಂಡು. ಅದು ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ಓಡುತ್ತದೆ. ಒಂದಕ್ಕೆ ಸಾವಿರದ ಮೇಲೆ ನನ್ನ ಕೈಯಿಂದ ಖರ್ಚು. ಅದೇ ಕಂಪ್ಯೂಟರ್ ಜೋಡಿಸುವ ಅಂಗಡಿಯಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ಸಿಕ್ಕಿದ. "ಸರ್, ಬೇಜಾರು ಮಾಡ್ಕೋಬೇಡಿ, ತೋರಿಸ್ತೀನಿ" ಅಂತ ನನ್ನ ಎದುರಿಗೇ ಕೂತ. ಆಲಿಡಿಬಗ್ ಅನ್ನುವ ಬಿಟ್ಟಿ ಸಾಧನದಲ್ಲಿ ನನ್ನ ಸಾಫ್ಟ್‌ವೇರ್ ತೆರೆದ. ಡಾಂಗಲ್ ಇಲ್ಲದೆ ಓಡಿಸಿದ. "ಡಾಂಗಲ್ ಸಿಗುತ್ತಿಲ್ಲ" ಅಂತ ನನ್ನ ಸಂದೇಶ ಬಂತು. ಆ ಸಂದೇಶ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹಿಂದಕ್ಕೆ ನಡೆದು ಒಂದು ಜಾಗದಲ್ಲಿ ನಿಂತ. ಅಲ್ಲಿ 74 ಅಂತ ಇತ್ತು. ಪ್ರೊಸೆಸರಿನ ಭಾಷೆಯಲ್ಲಿ ಅದರ ಅರ್ಥ, ಹೋಲಿಕೆ ಸರಿ ಬಂದರೆ ಮುಂದಕ್ಕೆ ಜಿಗಿ. ಅದನ್ನು ಅಳಿಸಿ ಇಬಿ (EB) ಅಂತ ಬರೆದ. ಏನೇ ಬರಲಿ, ಜಿಗಿ. ಸೇವ್ ಮಾಡಿದ. ಸಾಫ್ಟ್‌ವೇರ್ ತೆರೆದುಕೊಂಡಿತು. ನನ್ನ ಟೀ ಇನ್ನೂ ಆರಿರಲಿಲ್ಲ.

ಅವನಿಂದ ಕಲಿತಷ್ಟು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ನಾನು ಎಂಥ ಗಟ್ಟಿ ಬೀಗವನ್ನೇ ತರಲಿ, ಕೊನೆಗೆ "ಬೀಗ ಸರಿ ಇದೆಯಾ" ಅಂತ ಕೇಳುವ ಒಂದು ಸಾಲು ನನ್ನ ಕೋಡಿನಲ್ಲಿ ಇರಲೇಬೇಕು. ಆ ಕೋಡು ಇರುವುದು ಅವರ ಕಂಪ್ಯೂಟರಿನಲ್ಲಿ, ಅವರ ಮನೆಯಲ್ಲಿ. ಅದನ್ನು ಓಡಿಸಬೇಕಾದ ಪ್ರೊಸೆಸರಿಗೆ ಅರ್ಥವಾಗಬೇಕಾದರೆ ಅದನ್ನು ಬಿಚ್ಚಿಯೇ ಇಡಬೇಕು. ಪ್ರೊಸೆಸರಿಗೆ ಕಾಣುವುದು ತಾಳ್ಮೆ ಇರುವ ಹುಡುಗನಿಗೂ ಕಾಣುತ್ತದೆ. ಮುಂದೆ ನಾನು ಆರ್‌ಎಸ್‌ಎ ಅನ್ನುವ ಗೂಢಲಿಪಿ ವಿಧಾನದ ಸಹಿ ಇರುವ ಲೈಸೆನ್ಸ್ ಫೈಲನ್ನೂ ತಂದೆ. ನನ್ನ ಹತ್ತಿರ ಇರುವ ಗುಟ್ಟಿನ ಕೀ ಇಲ್ಲದೆ ಸುಳ್ಳು ಲೈಸೆನ್ಸ್ ಮಾಡಲು ಯಾರಿಗೂ ಆಗದು. ಯಾರೂ ಮಾಡಲೂ ಇಲ್ಲ, ಯಾಕೆಂದರೆ ಬೇಕಾಗಲಿಲ್ಲ. ಬಾಗಿಲನ್ನೇ ಕಿತ್ತು ಪಕ್ಕಕ್ಕೆ ಇಡುವವನಿಗೆ ಕಳ್ಳ ಬೀಗದಕೈ ಯಾಕೆ? ಮೇಲಾಗಿ ಕೆಲಸ ಒಬ್ಬ ಮಾಡಿದರೆ ಸಾಕು, ಉಳಿದವರಿಗೆ ಪೆನ್ ಡ್ರೈವ್ ಇದ್ದರಾಯಿತು.

ಕೋರ್ಟಿಗೆ ಹೋಗಬಹುದಿತ್ತಲ್ಲ ಅಂತ ಕೇಳುತ್ತಾರೆ. ವಕೀಲರೊಬ್ಬರನ್ನು ಕೇಳಿದ್ದೆ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಗಟ್ಟಿಯಾಗಿಯೇ ಇದೆ. ಕಳ್ಳ ಕಾಪಿ ಅಂತ ಗೊತ್ತಿದ್ದೂ ಬಳಸಿದರೆ ಕನಿಷ್ಠ ಏಳು ದಿನ, ಹೆಚ್ಚೆಂದರೆ ಮೂರು ವರ್ಷ ಜೈಲು; ದಂಡ 50 ಸಾವಿರದಿಂದ 2 ಲಕ್ಷದವರೆಗೆ. ಆದರೆ "ಗೊತ್ತಿದ್ದೂ" ಅನ್ನುವುದನ್ನು ಸಾಬೀತು ಮಾಡಬೇಕು. ಸಾಗರದ ಆ ಮನುಷ್ಯ ನನಗೇ ಫೋನ್ ಮಾಡಿ ಹಮಾಲಿ ಸರಿ ಮಾಡಿಕೊಡಿ ಅಂದಿದ್ದರಲ್ಲ! ಅದೂ ಅಲ್ಲದೆ ಪೊಲೀಸರು ಕಂಪ್ಯೂಟರ್ ಎತ್ತಿಕೊಂಡು ಹೋದರೆ ಅದರೊಳಗೆ ಇನ್ನೂರು ಮುನ್ನೂರು ರೈತರ ಖಾತೆ ಇರುತ್ತದೆ. ಆಮೇಲೆ ಮಲೆನಾಡಿನ ಯಾವ ಮಂಡಿ ನನ್ನನ್ನು ಒಳಗೆ ಸೇರಿಸೀತು? ಸುಮ್ನೆ ಬಂದೆ.

ಪರಿಸ್ಥಿತಿ ತಿರುಗಿದ್ದು ನನ್ನ ಜಾಣತನದಿಂದ ಅಂತ ಹೇಳಿಕೊಳ್ಳಲು ಆಸೆ, ಆದರೆ ತಿರುಗಿಸಿದ್ದು ಜಿ.ಎಸ್‌.ಟಿ. 2017ರ ಜುಲೈ 1ಕ್ಕೆ ಹಳೆಯ ಬಿಲ್ಲುಗಳೆಲ್ಲ ಒಂದೇ ದಿನ ಹಳತಾದವು. ಜಿ.ಎಸ್‌.ಟಿ. ನಂಬರ್ ಬೇಕು, ಸರಕಿನ ವರ್ಗ ತೋರಿಸುವ ಎಚ್‌.ಎಸ್‌.ಎನ್‌. ಕೋಡ್ ಬೇಕು, ತೆರಿಗೆ ಕೇಂದ್ರಕ್ಕೆ, ರಾಜ್ಯಕ್ಕೆ ಅಂತ ಎರಡು ಭಾಗವಾಗಬೇಕು. ಕಿತ್ತ ಕಾಪಿಗೆ ಅಪ್‌ಡೇಟ್ ಯಾರು ಕೊಡುತ್ತಾರೆ? ಆ ಎರಡು ತಿಂಗಳು ನನಗೆ ಬಂದ ಫೋನುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಮಾರದೆ ಇದ್ದ ಮಂಡಿಗಳಿಂದ. "ನಾವು ನಿಮ್ಮ ಹಳೇ ಗಿರಾಕಿಗಳು ಸರ್" ಅಂತಲೇ ಮಾತು ಶುರು. ಹಳೆಯದನ್ನು ಕೆದಕಲಿಲ್ಲ. ವರ್ಷಕ್ಕೆ 2,400 ರೂಪಾಯಿ, ಅದರಲ್ಲಿ ಅಪ್‌ಡೇಟ್ ಬಂತು, ಫೋನೂ ಬಂತು ಅಂದೆ. ಮುಂದಿನ ಏಪ್ರಿಲ್‌ನಲ್ಲಿ ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್ ಬಂದಾಗ ಇನ್ನಷ್ಟು ಜನ ಬಂದರು. ಬೀಗದ ಕೋಡನ್ನೆಲ್ಲ ತೆಗೆದು ಹಾಕಿದೆ. ಸಾಫ್ಟ್‌ವೇರ್ ಬೇಗ ತೆರೆಯತೊಡಗಿತು, ನನ್ನ ಊಟವೂ ನೆಮ್ಮದಿಯಾಯಿತು.

ಈಗ ಅರ್ಧ ಕೆಲಸ ನನ್ನ ಸರ್ವರಿನಲ್ಲೇ ನಡೆಯುತ್ತದೆ. ರೈತರ ಮೊಬೈಲಿಗೆ ಪಟ್ಟಿ ಕಳಿಸುವುದು, ಬ್ಯಾಕಪ್ ಇಡುವುದು ಎಲ್ಲ ಅಲ್ಲಿಂದ. ಗಿರಾಕಿಯ ಕಂಪ್ಯೂಟರಿನಲ್ಲಿ ಇಲ್ಲದ ಕೋಡನ್ನು ಯಾರೂ ಕಾಪಿ ಮಾಡಲಾರರು, ಇನ್ನು ಚಿಂತೆ ಇಲ್ಲ ಅಂದುಕೊಂಡಿದ್ದೆ. ಮೊನ್ನೆ ಲಾಗ್ ನೋಡುವಾಗ ಒಂದೇ ಪಾಸ್‌ವರ್ಡಿನಲ್ಲಿ ಒಂದೇ ಹೊತ್ತಿಗೆ ಶಿವಮೊಗ್ಗದಿಂದಲೂ ತೀರ್ಥಹಳ್ಳಿಯಿಂದಲೂ ಪಟ್ಟಿ ಹೊಡೆಯುತ್ತಿರುವುದು ಕಂಡಿತು. ಫೋನ್ ಮಾಡಿ ಕೇಳಿದೆ.

"ಅಯ್ಯೋ, ಅವನು ನನ್ನ ಭಾವಮೈದ ಸರ್," ಅಂದರು, "ಹೊರಗಿನವನಲ್ಲ."